ಕಾರ್ಡ್ ನಂದು, ಕಾರಲ್ಲಿ ಕೂರೋರು ನಮ್ಮನೆಯವ್ರು

ಮೊದ್ಲೇ ಹೇಳ್ಬಿಡ್ತೀನಿ, ನಾನು ಜೀವಮಾನದಲ್ಲಿ ಒಂದು ಸಿಗರೇಟ್ ಮುಟ್ಟಿದೋಳಲ್ಲ. ಶಿವಮೊಗ್ಗ ಕಡೆ ಹುಟ್ಟಿ ಬೆಳೆದಿದ್ದು, ಚಿಕ್ಕೋಳಿದ್ದಾಗ ಅಜ್ಜನ ಎಲೆಅಡಿಕೆ ತಟ್ಟೆಯಿಂದ ಒಂದು ಎಸಳು ಹೊಗೆಸೊಪ್ಪು ಕದ್ದು ಬಾಯಿಗೆ ಹಾಕ್ಕೊಂಡು ಅರ್ಧ ದಿನ ತಲೆತಿರುಗಿ ಜಗಲಿ ಮೇಲೆ ಬಿದ್ಕೊಂಡಿದ್ದೆ, ನನ್ನ ಚಟದ ಚರಿತ್ರೆ ಅಷ್ಟೇ. ಅಂಥೋಳ ಪರ್ಸಲ್ಲಿ 2018ರಿಂದ ನ್ಯೂಜೆರ್ಸಿ ಸರ್ಕಾರ ಕೊಟ್ಟಿರೋ ಗಾಂಜಾ ಕಾರ್ಡ್ ಇದೆ. ಇಲ್ಲಿ ಅದಕ್ಕೆ ಮೆಡಿಕಲ್ ಕ್ಯಾನಬಿಸ್ ಅಂತಾರೆ, ಮೊದ್ಲು ಮೆಡಿಕಲ್ ಮರಿವಾನಾ ಅಂತಿದ್ರು. ನಮ್ಮಮ್ಮ ಮಾತ್ರ ಫೋನಲ್ಲಿ ಇವತ್ತಿಗೂ "ಆ ಸೊಪ್ಪು ತಗೊಂಡ್ಯೇನೇ" ಅಂತಾನೇ ಕೇಳೋದು.

2014ರಲ್ಲಿ ನಂಗೆ ಎಂಎಸ್ ಅಂತ ಗೊತ್ತಾಯ್ತು, ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮ ದೇಹದ ಕಾವಲು ಪಡೆಯೇ ನರದ ಮೇಲಿನ ಪದರನ ತಿನ್ನೋ ಕಾಯಿಲೆ. ಕಣ್ಣು ಮಂಜಾಗೋದು, ಸುಸ್ತು, ಅದೆಲ್ಲ ಒಂದು ಕಡೆ ಇರ್ಲಿ, ನನ್ನ ಜೀವ ತಿಂದಿದ್ದು ರಾತ್ರಿ ಹೊತ್ತು ಕಾಲು ಸೆಳೆಯೋದು. ಮಲಗಿದ ಅರ್ಧ ಗಂಟೆಗೆ ಎಡಗಾಲು ಕಟ್ಟಿಗೆ ಥರ ಸೆಟೆದು ನಿಂತ್ಕೊಳ್ಳೋದು, ಮಡಚೋಕೂ ಆಗಲ್ಲ ಚಾಚೋಕೂ ಆಗಲ್ಲ, ನಮ್ಮನೆಯವ್ರು ಎದ್ದು ಕೂತು ಮೀನಖಂಡ ತಿಕ್ಕಬೇಕು, ಅದು ಸಡಿಲ ಆಯ್ತು ಅನ್ನೋಷ್ಟರಲ್ಲಿ ಇನ್ನೊಂದು ಸಲ. ಬ್ಯಾಕ್ಲೋಫೆನ್ ಅಂತ ಮಾತ್ರೆ ಕೊಟ್ರು, ಸೆಳೆತ ಕಮ್ಮಿ ಆಗೋಷ್ಟು ತಗೊಂಡ್ರೆ ಮಾರನೇ ದಿನ ಮೀಟಿಂಗಲ್ಲಿ ಕೂತಲ್ಲೇ ತೂಕಡಿಕೆ, ಕಾಲಲ್ಲಿ ಶಕ್ತಿನೇ ಇಲ್ಲ. ಕಮ್ಮಿ ತಗೊಂಡ್ರೆ ರಾತ್ರಿ ನರಕ.

ಎಂಎಸ್ ಪೇಷಂಟ್‌ಗಳ ಗುಂಪಲ್ಲಿ ಒಬ್ಬ ಅಜ್ಜಿ, ಎಪ್ಪತ್ತು ದಾಟಿದೋರು, ಚರ್ಚ್‌ಗೆ ಹೋಗೋ ಅಪ್ಪಟ ಸಂಭಾವಿತೆ, ನಂಗೆ ಹೇಳಿದ್ರು ನಾನು ರಾತ್ರಿ ಎರಡು ಸಲ ಎಳೀತೀನಿ ಮಲಗ್ತೀನಿ ಅಂತ. ನಂಗೆ ಮೊದ್ಲು ಅರ್ಥನೇ ಆಗ್ಲಿಲ್ಲ ಏನು ಎಳೀತಾರೆ ಇವ್ರು ಅಂತ. ಮನೆಗೆ ಬಂದು ಓದಿದೆ. 2017ರ ಜನವರೀಲಿ ಅಮೆರಿಕದ ವಿಜ್ಞಾನಿಗಳ ಸಂಸ್ಥೆ ನ್ಯಾಷನಲ್ ಅಕಾಡೆಮೀಸ್‌ನವ್ರು ಒಂದು ದಪ್ಪ ವರದಿ ತಂದಿದ್ರು, ಅದರಲ್ಲಿ ಗಾಂಜಾದಿಂದ ಉಪಯೋಗ ಇದೆ ಅಂತ ಗಟ್ಟಿ ಸಾಕ್ಷಿ ಇರೋದು ಬೆರಳೆಣಿಕೆಯ ವಿಷಯಕ್ಕೆ, ಅದರಲ್ಲೊಂದು ಎಂಎಸ್‌ನವರು ಹೇಳೋ ಈ ಸ್ನಾಯು ಬಿಗಿತ. ಕೆನಡಾ, ಬ್ರಿಟನ್‌ನಲ್ಲಿ ಇದೇ ಗಿಡದ ಸಾರ ತೆಗೆದು ಬಾಯಿಗೆ ಹೊಡ್ಕೊಳ್ಳೋ ಸ್ಪ್ರೇ ಮಾಡಿ ಎಂಎಸ್‌ಗೆ ಅಂತ ಮಾರ್ತಾರೆ, ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿಲ್ಲ. ಇಲ್ಲಿ ಉಳಿದಿದ್ದು ಕಾರ್ಡಿನ ದಾರಿ ಒಂದೇ. ನ್ಯೂಜೆರ್ಸಿ ಕಾನೂನು 2010ರ ಜನವರೀದು, ಗವರ್ನರ್ ಜಾನ್ ಕಾರ್ಜೈನ್ ಅಧಿಕಾರ ಬಿಟ್ಟು ಹೋಗೋ ಹೊತ್ತಲ್ಲಿ ಸಹಿ ಹಾಕಿದ್ದು, ಕಾರ್ಡ್ ಕೊಡಬಹುದಾದ ಕಾಯಿಲೆಗಳ ಮೊದಲನೇ ಪಟ್ಟೀಲೇ ಎಂಎಸ್ ಇತ್ತು. ಆಮೇಲೆ ಬಂದ ಕ್ರಿಸ್ ಕ್ರಿಸ್ಟಿಗೆ ಇದು ಇಷ್ಟ ಇರ್ಲಿಲ್ಲ, ಮೊದಲನೇ ಅಂಗಡಿ ತೆಗೆಯೋಕೆ 2012ರ ಡಿಸೆಂಬರ್ ಆಯ್ತು.

ಸರಿ ಕಾರ್ಡ್ ಮಾಡ್ಸೋಣ ಅಂತ ಹೊರಟ್ರೆ ಮಗಳು ಹೇಳಿದ್ಲು, ಅಮ್ಮಾ ನೀನಿನ್ನೂ ಸಿಟಿಜನ್ ಅಲ್ಲ, ಲಾಯರ್ ಹತ್ರ ಕೇಳು. ಅವಳು ಆಗ ಹೈಸ್ಕೂಲು, ನಮ್ಮಿಬ್ಬರಿಗಿಂತ ಬುದ್ಧಿ ಇತ್ತು. ನಮ್ಮಿಬ್ರದ್ದೂ ಗ್ರೀನ್ ಕಾರ್ಡ್ ಬಂದಿದ್ದು 2012ರಲ್ಲಿ. ಇಮಿಗ್ರೇಷನ್ ಲಾಯರ್ ನಾನು ಮಾತು ಮುಗ್ಸೋಕೂ ಬಿಡ್ಲಿಲ್ಲ. ರಾಜ್ಯದ ಕಾನೂನು ಏನೇ ಹೇಳ್ಲಿ, ಇಮಿಗ್ರೇಷನ್ ನಡೆಯೋದು ಕೇಂದ್ರದ ಕಾನೂನಲ್ಲಿ, ಕೇಂದ್ರದ ಲೆಕ್ಕದಲ್ಲಿ ಗಾಂಜಾ 1970ರಿಂದ ಮಾದಕ ವಸ್ತುಗಳ ಮೊದಲನೇ, ಅಂದ್ರೆ ಅತಿ ಬಿಗಿ ಪಟ್ಟೀಲಿದೆ, ಹೆರಾಯಿನ್ ಜೊತೆಗೆ. ಕೇಸ್ ಆಗ್ಬೇಕು ಅಂತಿಲ್ಲ, ಏರ್‌ಪೋರ್ಟಲ್ಲೋ ಇಂಟರ್ವ್ಯೂನಲ್ಲೋ ಹೌದು ಸೇದಿದೀನಿ ಅಂತ ನೀವಾಗೇ ಒಪ್ಕೊಂಡ್ರೂ ಸಾಕು ತೊಂದ್ರೆ ಮಾಡೋಕೆ. ಪೌರತ್ವದ ಫಾರಂನಲ್ಲಿ ಅರೆಸ್ಟ್ ಆಗದೇ ಇರೋ ಅಪರಾಧ ಏನಾದ್ರೂ ಮಾಡಿದೀರಾ ಅಂತ ಒಂದು ಪ್ರಶ್ನೆನೇ ಇದೆ ನೋಡಿ, ನನಗಂತೂ ಓದಿದಾಗ ಚಿಕ್ಕಂದಿನ ಹೊಗೆಸೊಪ್ಪು ನೆನಪಾಯ್ತು. ಪೌರತ್ವದ ಓತ್, ಅಂದ್ರೆ ಪ್ರಮಾಣ, ತಗೊಳ್ಳೋ ತನಕ ಆ ಅಂಗಡಿ ದಿಕ್ಕಿಗೆ ತಲೆ ಹಾಕ್ಬೇಡಿ ಅಂದ್ರು ಲಾಯರ್.

ಹಾಗಾಗಿ ಕಾದೆ. ಒಂದೂವರೆ ವರ್ಷ. ಕಾನೂನು ಬದ್ಧವಾಗಿ ಹತ್ತು ಮೈಲಿ ದೂರದಲ್ಲಿ ಮಾರ್ತಿರೋ ಔಷಧಿಗೆ, ಕಾನೂನು ಒಪ್ಪಿರೋ ಕಾಯಿಲೆ ಇಟ್ಕೊಂಡು, ಕಾಗದಕ್ಕೋಸ್ಕರ ಕಾಯೋದು. ಆ ಒಂದೂವರೆ ವರ್ಷದ ರಾತ್ರಿಗಳ ಬಗ್ಗೆ ಬರೆಯಲ್ಲ. ಆಮೇಲೆ 2019ರ ಏಪ್ರಿಲ್‌ನಲ್ಲಿ ಪೌರತ್ವ ಇಲಾಖೆಯವ್ರು ಈ ಮಾತನ್ನೇ ಬರವಣಿಗೇಲಿ ಪ್ರಕಟಿಸಿದ್ರು, ರಾಜ್ಯದಲ್ಲಿ ಕಾನೂನು ಸಮ್ಮತ ಆಗಿದ್ರೂ ಗಾಂಜಾ ವ್ಯವಹಾರ ಪೌರತ್ವಕ್ಕೆ ಬೇಕಾದ ಒಳ್ಳೆ ನಡತೆಗೆ ಅಡ್ಡಿ ಆಗ್ಬಹುದು ಅಂತ. ಅದು ಓದಿದಾಗ ಲಾಯರ್‌ಗೆ ಕೊಟ್ಟ ಫೀಸು ದಂಡ ಆಗ್ಲಿಲ್ಲ ಅಂತ ಸಮಾಧಾನ ಆಯ್ತು.

ನಮ್ಮನೆಯವ್ರು ಮಾತ್ರ ಅರ್ಜಿನೇ ಹಾಕ್ಲಿಲ್ಲ. ಅವ್ರಿಗೆ ಊರಲ್ಲಿ ಅಡಿಕೆ ತೋಟ ಇದೆ, ಇಂಡಿಯನ್ ಪಾಸ್‌ಪೋರ್ಟ್ ಬಿಟ್ಟು ಓಸಿಐ (ಬೇರೆ ದೇಶದ ಪೌರರಾದ ಭಾರತೀಯರಿಗೆ ಕೊಡೋ ಕಾರ್ಡು) ಆದ್ರೆ ಕೃಷಿ ಜಮೀನು ಕೊಳ್ಳೋಕಾಗಲ್ಲ, ಪಕ್ಕದ ಎರಡೆಕರೆ ಮಾರಾಟಕ್ಕೆ ಬಂದಾಗ ಏನ್ಮಾಡೋದು ಅಂತ. ಇಪ್ಪತ್ತು ವರ್ಷದಿಂದ ಆ ಎರಡೆಕರೆ ಮಾರಾಟಕ್ಕೆ ಬಂದಿಲ್ಲ, ಅದು ಬೇರೆ ಮಾತು. ಜೊತೆಗೆ ಅತ್ತೆಗೆ ಹುಷಾರಿಲ್ಲ ಅಂತ ಊರಿಗೆ ಹೋಗಿ ಎಂಟು ತಿಂಗಳು ಅಲ್ಲೇ ಇದ್ದುಬಿಟ್ರು, ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ರೆ ವಾಸದ ಲೆಕ್ಕ ಮುರಿದಿದೆ ಅಂತಾನೇ ಎಣಿಸ್ತಾರೆ, ಮುರಿದಿಲ್ಲ ಅಂತ ನಾವು ತೋರಿಸ್ದೇ ಇದ್ರೆ ಮತ್ತೆ ವರ್ಷಗಟ್ಲೆ ಕಾಯ್ಬೇಕು. ನಾನು 2018ರ ಜೂನ್‌ನಲ್ಲಿ ಓತ್ ತಗೊಂಡೆ. ಒಂದೇ ಮನೆ, ಒಂದೇ ಮಂಚ, ನಂಗೊಂದು ಕಾನೂನು ಅವ್ರಿಗೊಂದು ಕಾನೂನು ಶುರುವಾಗಿದ್ದು ಅವತ್ತಿಂದ.

ಈಗ ಕಾರ್ಡ್ ಮಾಡ್ಸಿದ ಕಥೆ. ನನ್ನ ನ್ಯೂರಾಲಜಿಸ್ಟ್ ಈ ಕಾರ್ಯಕ್ರಮಕ್ಕೆ ಸೇರಿರ್ಲಿಲ್ಲ. "ನಂಗೇನೂ ಅಭ್ಯಂತರ ಇಲ್ಲ, ಆದ್ರೆ ನಾನು ಬರೆಯಲ್ಲ" ಅಂದ್ರು, ನಮ್ಮೂರ ಕಡೆ ಪುರೋಹಿತರು ಹೇಳೋ ಹಾಗೆ. ರಿಜಿಸ್ಟರ್ ಆಗಿರೋ ಇನ್ನೊಬ್ಬ ಡಾಕ್ಟ್ರನ್ನ ಹುಡುಕಿದೆ, ಇನ್ಶೂರೆನ್ಸ್ ನಡೆಯಲ್ಲ, ಮೊದಲ ಭೇಟಿಗೆ 250 ಡಾಲರ್ ಕೈಯಿಂದ. ಎಂಆರ್‌ಐ ಸೀಡಿ, ನಾಲ್ಕು ವರ್ಷದ ಫೈಲು ಎಲ್ಲ ನೋಡಿ ಅವ್ರು ಆನ್‌ಲೈನಲ್ಲಿ ಸರ್ಟಿಫೈ ಮಾಡಿ ಒಂದು ನಂಬರ್ ಕೊಟ್ರು. ಆ ನಂಬರ್ ಹಾಕಿ ನಾನು ರಾಜ್ಯದ ಆರೋಗ್ಯ ಇಲಾಖೆ ಸೈಟಲ್ಲಿ ಅರ್ಜಿ ತುಂಬಬೇಕು, ಡ್ರೈವಿಂಗ್ ಲೈಸೆನ್ಸು, ಕರೆಂಟ್ ಬಿಲ್ಲು, ಫೋಟೋ. ಕರೆಂಟ್ ಬಿಲ್ಲು ನಮ್ಮನೆಯವ್ರ ಹೆಸರಲ್ಲಿತ್ತು! ಅವ್ರ ಹೆಸರು ಇದರಲ್ಲಿ ಎಲ್ಲೂ ಬರಬಾರ್ದು ಅಂತ ಹಠ, ಸರಿ ನೀರಿನ ಬಿಲ್ಲನ್ನ ನನ್ನ ಹೆಸರಿಗೆ ಮಾಡ್ಸಿ ಒಂದು ತಿಂಗಳು ಕಾದು ಅದನ್ನ ಹಾಕಿದೆ. ಫೋಟೋ ಒಂದ್ಸಲ ವಾಪಸ್ ಬಂತು, ಹಿಂದೆ ದೇವರ ಕ್ಯಾಲೆಂಡರ್ ಕಾಣ್ತಿತ್ತು. ಫೀಸು 100 ಡಾಲರ್, ಎರಡು ವರ್ಷಕ್ಕೆ. ಅದೂ ಆ ವರ್ಷ ಹೊಸ ಗವರ್ನರ್ ಫಿಲ್ ಮರ್ಫಿ ಬಂದ್ಮೇಲೆ 200ರಿಂದ ಇಳಿಸಿದ್ದು. ಅದೇ ಮಾರ್ಚಲ್ಲಿ ಮೈಗ್ರೇನು, ಆತಂಕ, ಮೂಳೆ ಸ್ನಾಯುಗಳ ದೀರ್ಘಕಾಲದ ನೋವು ಇವನ್ನೆಲ್ಲ ಪಟ್ಟಿಗೆ ಸೇರ್ಸಿದ್ರು, ಅದಕ್ಕೆ ಅರ್ಜಿಗಳು ರಾಶಿ ಬಿದ್ದು ನನ್ನ ಕಾರ್ಡ್ ಬರೋಕೆ ಐದು ವಾರ.

ಕಾರ್ಡ್ ಬಂತು ಅಂತ ಮುಗೀಲಿಲ್ಲ. ಕಾರ್ಡಿಗೆ ಎರಡು ವರ್ಷ ಆಯಸ್ಸು, ಡಾಕ್ಟ್ರ ಸರ್ಟಿಫಿಕೇಟಿಗೆ ತೊಂಬತ್ತೇ ದಿನ. ಅಂದ್ರೆ ಮೂರು ತಿಂಗಳಿಗೊಂದ್ಸಲ ಅದೇ ಡಾಕ್ಟ್ರು, ಪ್ರತಿ ಸಲ 100 ಡಾಲರ್, "ಹೇಗಿದೀರಾ", "ಹಾಗೇ ಇದೀನಿ", ಐದು ನಿಮಿಷ. ಎಂಎಸ್ ಏನು ತೊಂಬತ್ತು ದಿನಕ್ಕೆ ವಾಸಿ ಆಗುತ್ತಾ? ಇಡೀ ರಾಜ್ಯಕ್ಕೆ ಆಗ ಆರೇ ಆರು ಅಂಗಡಿ, ಅದರಲ್ಲಿ ಒಂದನ್ನ ಆರಿಸ್ಕೊಂಡು ಹೆಸರು ಬರೆಸ್ಬೇಕು, ನಮ್ಮ ರೇಷನ್ ಅಂಗಡಿ ಥರ. ನಮಗೆ ನಾವಿರೋ ಎಡಿಸನ್‌ನಿಂದ ವುಡ್‌ಬ್ರಿಜ್, ಕ್ರ್ಯಾನ್‌ಬರಿ ಎರಡೂ ಹತ್ರ ಇತ್ತು, ಪುಣ್ಯ. ಹತ್ರ ಅಂಗಡಿ ಇಲ್ಲದೋರು ದೂರದಿಂದ ಡ್ರೈವ್ ಮಾಡ್ಕೊಂಡು ಬರೋರು.

ಮೊದಲನೇ ದಿನ ನಮ್ಮನೆಯವ್ರು ಕಾರು ತಂದು ಪಾರ್ಕಿಂಗ್‌ನ ಆ ಕೊನೇ ಮೂಲೇಲಿ ನಿಲ್ಸಿದ್ರು, ಬಾಗಿಲ ಹತ್ರ ಜಾಗ ಖಾಲಿ ಇದ್ರೂ. "ರೀ, ನಂಗೆ ನಡೆಯೋಕೆ ಕಷ್ಟ" ಅಂದ್ರೆ "ಕ್ಯಾಮೆರಾ ಇದೆ ಕಣೇ" ಅಂತಾರೆ. ಕೋಲು ಊರ್ಕೊಂಡು ನಾನೊಬ್ಳೇ ಹೋದೆ. ಗಾರ್ಡು, ಕಾರ್ಡ್ ಚೆಕ್ಕು, ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಬಾಗಿಲು, ಒಳಗೆ ಡೆಂಟಿಸ್ಟ್ ಕ್ಲಿನಿಕ್ ಥರ ಸೋಫಾ. ಕೌಂಟರಲ್ಲಿದ್ದ ಹುಡುಗ, ಬಡ್‌ಟೆಂಡರ್ ಅಂತಾರೆ, ಮೊಮ್ಮಗನ ಥರ ಇದ್ದ, ನಿಧಾನಕ್ಕೆ ವಿವರಿಸ್ದ. ಒಣಗಿದ ಹೂವು 3.5 ಗ್ರಾಂ ಡಬ್ಬಿ, 60 ಡಾಲರ್ ಹತ್ರ, ಅದರ ಮೇಲೆ 6.625 ಪರ್ಸೆಂಟ್ ಟ್ಯಾಕ್ಸು. ಔಷಧಿ ಅಂಗಡೀಲಿ ಮಾತ್ರೆಗೆ ಟ್ಯಾಕ್ಸ್ ಇಲ್ಲ, ಇದಕ್ಕಿತ್ತು. ಇನ್ಶೂರೆನ್ಸ್ ಪೈಸೆ ಕೊಡಲ್ಲ. ಕ್ರೆಡಿಟ್ ಕಾರ್ಡ್ ನಡೆಯಲ್ಲ, ಬ್ಯಾಂಕಿನೋರಿಗೂ ಕೇಂದ್ರದ ಕಾನೂನಿನ ಭಯ, ನೋಟೇ ಎಣಿಸ್ಬೇಕು. ವಾಪಸ್ ಕಾರಿಗೆ ಬಂದ್ರೆ ನಮ್ಮನೆಯವ್ರು ಆ ಪೊಟ್ಟಣ ಮುಟ್ಲಿಲ್ಲ, ಡಿಕ್ಕಿ ಬಟನ್ ಒತ್ತಿ "ನೀನೇ ಇಡು" ಅಂದ್ರು. ಸೂತಕದ ಥರ.

ಆಮೇಲಿನ ಪಜೀತಿ ಅಂದ್ರೆ ಸೇದೋಕೆ ಬರಲ್ಲ. ಒಂದು ಎಳೆತಕ್ಕೆ ಹತ್ತು ನಿಮಿಷ ಕೆಮ್ಮು. ತಿನ್ನೋ ರೂಪದಲ್ಲಿ ಆಗ ದೊಡ್ಡೋರಿಗೆ ಕೊಡ್ತಾ ಇರ್ಲಿಲ್ಲ, 2013ರ ತಿದ್ದುಪಡೀಲಿ ಮಕ್ಕಳಿಗೆ ಮಾತ್ರ ಅಂತಿತ್ತು, ದೊಡ್ಡೋರಿಗೆ ಚೀಪೋ ಗುಳಿಗೆ ಉಂಟು, ಆದ್ರೆ ಅದು ಸ್ಟಾಕ್ ಇದ್ದಿದ್ದೇ ಅಪರೂಪ. ಕೊನೆಗೆ ನಾನೇ ತುಪ್ಪ ಮಾಡ್ದೆ. ಹೂವನ್ನ ಪುಡಿ ಮಾಡಿ ಓವನ್‌ನಲ್ಲಿ 240 ಡಿಗ್ರಿ ಫ್ಯಾರನ್‌ಹೀಟಲ್ಲಿ ಮುಕ್ಕಾಲು ಗಂಟೆ ಬಿಸಿ ಮಾಡ್ಬೇಕು, ಇಲ್ಲಾಂದ್ರೆ ಅದರೊಳಗಿರೋ ಆಮ್ಲ ನಿಶೆ ಕೊಡೋ ಅಂಶವಾದ ಟಿಎಚ್‌ಸಿ ಆಗಲ್ಲ, ಹಸಿ ಸೊಪ್ಪು ತಿಂದ ಹಾಗೆ. ಅದು ನೀರಲ್ಲಿ ಕರಗಲ್ಲ ಜಿಡ್ಡಲ್ಲಿ ಕರಗುತ್ತೆ, ಅದಕ್ಕೆ ತುಪ್ಪ. ಮನೆ ತುಂಬ ವಾಸನೆ, ನಮ್ಮನೆಯವ್ರು ಡಿಸೆಂಬರ್ ಚಳೀಲಿ ಕಿಟಕಿ ಎಲ್ಲ ತೆಗೆದು ಸಾಂಬ್ರಾಣಿ ಹಚ್ಚಿದ್ರು. ಮೊದಲನೇ ಸಲ ಅರ್ಧ ಚಮಚ ತಿಂದೆ, ಒಂದು ಗಂಟೆ ಏನೂ ಆಗ್ಲಿಲ್ಲ, ಇನ್ನರ್ಧ ತಿಂದೆ, ಅದೇ ತಪ್ಪು. ತಿಂದಿದ್ದು ಏರೋಕೆ ಒಂದೂವರೆ ಎರಡು ಗಂಟೆ ಬೇಕು, ಏರಿತು ಅಂದ್ರೆ ಇಳಿಯೋಕೆ ಅರ್ಧ ದಿನ. ಗೋಡೆ ಗಡಿಯಾರ ನನ್ನ ಹತ್ರ ಏನೋ ಹೇಳ್ತಾ ಇದೆ ಅಂತ ರಾತ್ರಿಯೆಲ್ಲ ಅದನ್ನೇ ನೋಡ್ತಾ ಕೂತಿದ್ದೆ. ಈಗ ಕಾಲು ಚಮಚಕ್ಕಿಂತ ಕಮ್ಮಿ, ಊಟ ಆದ್ಮೇಲೆ, ರಾತ್ರಿ ಎಂಟಕ್ಕೆ. ನಡಿಗೆ ಏನೂ ಸುಧಾರಿಸಿಲ್ಲ, ಕಾಯಿಲೆ ತನ್ನ ಪಾಡಿಗೆ ತಾನಿದೆ. ಆದ್ರೆ ಕಾಲು ಸಡಿಲ ಆಗುತ್ತೆ, ಬೆಳಗಿನ ಜಾವ ನಾಲ್ಕರ ತನಕ ನಿದ್ದೆ ಬರುತ್ತೆ, ಮೀನಖಂಡ ತಿಕ್ಕೋ ಡ್ಯೂಟಿ ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿದಿದೆ.

2019ರ ಜುಲೈನಲ್ಲಿ ಕಾನೂನು ಬದಲಾಯ್ತು. ಜೇಕ್ ಹೊನಿಗ್ ಅಂತ ಒಂದು ಮಗು, ಹಾವೆಲ್ ಅನ್ನೋ ಊರಿಂದು, ಮೆದುಳಲ್ಲಿ ಕ್ಯಾನ್ಸರು, 2018ರ ಜನವರೀಲಿ ತೀರ್ಕೊಂಡಾಗ ಏಳು ವರ್ಷ. ಆ ಮಗುವಿಗೆ ನೋವಿಗೆ ಇದರ ಎಣ್ಣೆ ಕೊಡ್ತಿದ್ರು, ತಿಂಗಳಿಗೆ ಎರಡೇ ಔನ್ಸ್ ಅಂತ ಮಿತಿ ಇದ್ದಿದ್ದಕ್ಕೆ ತಿಂಗಳು ಮುಗಿಯೋ ಮೊದ್ಲೇ ಎಣ್ಣೆ ಖಾಲಿ ಆಗೋದು, ಆ ಅಪ್ಪ ಅಮ್ಮ ಉಳಿದ ದಿನ ಏನು ಮಾಡ್ಬೇಕು ಹೇಳಿ. ಅವ್ರು ಓಡಾಡಿ ಓಡಾಡಿ ಮಗನ ಹೆಸರಲ್ಲೇ ಕಾನೂನು ತರಿಸಿದ್ರು. ಮಿತಿ ಮೂರು ಔನ್ಸ್ ಆಯ್ತು, ಸಾವಿನಂಚಲ್ಲಿರೋರಿಗೆ ಮಿತಿನೇ ಇಲ್ಲ. ಸರ್ಟಿಫಿಕೇಟ್ ಒಂದು ವರ್ಷದ ತನಕ ಕೊಡಬಹುದು, ತಿನ್ನೋ ರೂಪ ದೊಡ್ಡೋರಿಗೂ, ಟ್ಯಾಕ್ಸು ವರ್ಷ ವರ್ಷ ಇಳಿಸ್ತಾ 2022ರ ಜುಲೈಗೆ ಸೊನ್ನೆ. ಯಾವ ಅಂಗಡಿಗೆ ಬೇಕಾದ್ರೂ ಹೋಗಬಹುದು. ನಮ್ಮ ಪರವಾಗಿ ತರೋಕೆ ಒಬ್ರ ಬದ್ಲು ಇಬ್ರು ಕೇರ್‌ಗಿವರ್. ಆ ಕೊನೇದನ್ನ ಓದಿ ನಗು ಬಂತು, ಇಬ್ರು ಏನು, ನಂಗಿರೋ ಒಬ್ರೇ ಕಾರಿಂದ ಇಳಿಯಲ್ಲ. ಆದ್ರೆ ನನ್ನ ಜೇಬಿಗೆ ಆಗಿರೋ ಉಪಕಾರ ಎಲ್ಲ ಆ ಮಗುವಿನ ಲೆಕ್ಕದಿಂದ ಬಂದಿದ್ದು ಅಂತ ಗೊತ್ತು, ನವೀಕರಣ ಮಾಡೋ ದಿನ ನೆನಪಾಗುತ್ತೆ.

ಕಾಗದದ ಮೇಲೆ ಬಂದಿದ್ದು ಅಂಗಡಿಗೆ ಬರೋಕೆ ಟೈಮ್ ಹಿಡೀತು. ನನ್ನ ಡಾಕ್ಟ್ರು "ಒಂದು ವರ್ಷದ ತನಕ" ಅನ್ನೋದನ್ನ "ಆರು ತಿಂಗಳು" ಅಂತ ಓದ್ಕೊಂಡ್ರು, ಫೀಸು ಹೋಗುತ್ತಲ್ಲ. ಬದಲಾಯಿಸಿದೆ. ಮನೆ ಬಾಗಿಲಿಗೆ ಡೆಲಿವರಿ ಅಂತ ಕಾನೂನಲ್ಲಿದ್ದಿದ್ದು ವರ್ಷಗಳು ಕಳೆದ್ರೂ ನಮ್ಮ ಕಡೆ ಬರ್ಲಿಲ್ಲ. ಬೇಗ ಬಂದಿದ್ದು ಕೋವಿಡ್ ದೆಸೆಯಿಂದ. 2020ರ ಮಾರ್ಚಲ್ಲಿ ಡಾಕ್ಟ್ರನ್ನ ವೀಡಿಯೋದಲ್ಲಿ ನೋಡಿದ್ರೆ ಸಾಕು, ಅಂಗಡಿಯವ್ರೇ ಕಾರಿನ ಹತ್ರ ತಂದ್ಕೊಡಬಹುದು ಅಂತ ಆಯ್ತು. ಎಷ್ಟು ಖುಷಿ ನಂಗೆ! ನಮ್ಮನೆಯವ್ರಿಗೆ ಅಷ್ಟೇ ಗಾಬರಿ, ಇಷ್ಟು ದಿನ ಅಂಗಡಿ ಅಲ್ಲಿತ್ತು ಕಾರ್ ಇಲ್ಲಿತ್ತು, ಈಗ ಅದು ಕಾರಿನೊಳಗೇ ಬರುತ್ತಲ್ಲ. ಮಾಸ್ಕ್ ಹಾಕ್ಕೊಂಡು ಹುಡುಗಿ ಟ್ರೇ ಹಿಡ್ಕೊಂಡು ಬರ್ತಿದ್ಲು, ಇವ್ರು ಡ್ರೈವರ್ ಸೀಟಿಂದ ಇಳಿದು ಐವತ್ತಡಿ ದೂರ ಒಂದು ಮೇಪಲ್ ಮರದ ಕೆಳಗೆ ಹೋಗಿ ನಿಂತ್ರು, ಮಳೇಲಿ. ಆ ಹುಡುಗಿ ಕೇಳಿದ್ಲು ಅವರು ನಿಮ್ಮ ಜೊತೆನಾ ಅಂತ. "ಇಮಿಗ್ರೇಷನ್" ಅಂದೆ. ಅವಳು ತಲೆ ಆಡ್ಸಿದ್ಲು, ಅವಳಿಗೇನು ಅರ್ಥ ಆಯ್ತೋ.

ಕೆಲಸದ ಒಂದು ವಿಷಯ ಹೇಳ್ಬೇಕು, ಯಾಕಂದ್ರೆ ನಮ್ಮೋರು ಇದಕ್ಕೇ ಹೆದ್ರೋದು. 2021ರಲ್ಲಿ ಕಂಪನಿ ಬದ್ಲಾಯಿಸಿದಾಗ ಡ್ರಗ್ ಟೆಸ್ಟಲ್ಲಿ ಪಾಸಿಟಿವ್ ಬಂತು, ಬರದೇ ಇನ್ನೇನು. ಜೇಕ್ ಕಾನೂನಿನ ಪ್ರಕಾರ ಅವ್ರು ಬರವಣಿಗೇಲಿ ತಿಳಿಸ್ಬೇಕು, ಮೂರು ಕೆಲಸದ ದಿನದೊಳಗೆ ನಾವು ಕಾರಣ ಕೊಡಬಹುದು ಅಥವಾ ಮತ್ತೆ ಟೆಸ್ಟ್ ಕೇಳಬಹುದು. ನಾನು ಕಾರ್ಡ್ ಪ್ರತಿ, ಡಾಕ್ಟ್ರ ಪತ್ರ ಕಳಿಸ್ದೆ. ಒಂದು ವಾರ ಉತ್ತರ ಇಲ್ಲ, ಆ ವಾರ ಬ್ಯಾಕ್ಲೋಫೆನ್‌ಗೂ ಜಗ್ಗಲಿಲ್ಲ ಕಾಲು. ಆಮೇಲೆ ಸರಿ ಅಂದ್ರು, ಆದ್ರೆ ಕೇಂದ್ರ ಸರ್ಕಾರದ ಕಾಂಟ್ರಾಕ್ಟ್ ಇದ್ದ ಒಂದು ಪ್ರಾಜೆಕ್ಟಿಂದ ದೂರ ಇಟ್ರು, ಕಾನೂನಲ್ಲಿ ಅದಕ್ಕೆ ಅವ್ರಿಗೆ ಅವಕಾಶ ಇದೆ.

2022ರ ಏಪ್ರಿಲ್ 21ರಿಂದ 21 ವರ್ಷ ಆದೋರು ಯಾರು ಬೇಕಾದ್ರೂ ಕೊಳ್ಳಬಹುದು ಅಂತ ಆಯ್ತು, ಪೇಷಂಟ್ ಆಗ್ಬೇಕಿಲ್ಲ. ಎಲ್ರೂ ಸಂಭ್ರಮ ಪಟ್ರು. ನಮ್ಮಂಥೋರಿಗೆ ಏನಾಯ್ತು ಅಂದ್ರೆ ನಾನು ಹೋಗೋ ಅಂಗಡೀಲಿ ಪೇಷಂಟ್‌ಗಳಿಗೆ ಬೇರೆ ಲೈನು, ಬೇರೆ ಪಾರ್ಕಿಂಗು ಎಲ್ಲ ಬೋರ್ಡ್ ಹಾಕಿದ್ರು, ಹೊರಗಡೆ ಮಾತ್ರ ಜಾತ್ರೆ. ಆ ಪಾರ್ಕಿಂಗಲ್ಲಿ ಯಾರ್ಯಾರೋ. ನಂಗೆ ಒಗ್ಗಿದ್ದ ಗುಳಿಗೆ, ಟಿಎಚ್‌ಸಿ ಮತ್ತೆ ನಿಶೆ ಕೊಡದ ಸಿಬಿಡಿ ಸಮ ಇರೋದು, ಮಾಯ. ಅದು ನಿಶೆ ಕಮ್ಮಿ, ಮಜಾಕ್ಕೆ ಬರೋರು ಕೊಳ್ಳಲ್ಲ, ಹೆಚ್ಚು ಖರ್ಚಾಗೋದನ್ನೇ ಇಡ್ತಾರೆ. ಆಮೇಲೆ ಒಂದು ಲಕ್ಷ ದಾಟಿದ್ದ ಪೇಷಂಟ್‌ಗಳ ಸಂಖ್ಯೆ ಇಳೀತಾನೇ ಹೋಯ್ತು, ಡಾಕ್ಟ್ರಿಗೆ ದುಡ್ಡು ಕೊಟ್ಟು ಕಾರ್ಡ್ ಯಾಕೆ ಅಂತ. ಅದಕ್ಕೇ ಇರ್ಬೇಕು ಕಾರ್ಡಿನ ಫೀಸನ್ನ 50ಕ್ಕೆ ಇಳಿಸಿದ್ರು, ಆಮೇಲೆ ಫೋನಲ್ಲಿಟ್ಕೊಳ್ಳೋ ಡಿಜಿಟಲ್ ಕಾರ್ಡ್ ಪುಕ್ಕಟೆ, ಪ್ಲಾಸ್ಟಿಕ್ ಬೇಕಂದ್ರೆ ಹತ್ತು ಡಾಲರ್. ನಾನು ಬಿಡಲ್ಲ, ಟ್ಯಾಕ್ಸ್ ಇಲ್ಲ, ಕೆಲಸಕ್ಕೆ ರಕ್ಷಣೆ. ಬೆಳೆಸೋಕೆ ಮಾತ್ರ ಇನ್ನೂ ಬಿಟ್ಟಿಲ್ಲ ನೋಡಿ. ನದಿ ದಾಟಿದ್ರೆ ನ್ಯೂಯಾರ್ಕಲ್ಲಿ ಪೇಷಂಟ್‌ಗಳು ಮನೇಲಿ ಗಿಡ ಹಾಕಬಹುದು, ಇಲ್ಲಿ ಒಂದೇ ಒಂದು ಗಿಡ ಇಟ್ರೂ ಅಪರಾಧ. ಮೈನಸ್ ಚಳೀಲಿ ಕರಿಬೇವಿನ ಗಿಡನ ಒಳಗೆ ತಂದು ಮಗು ಥರ ಸಾಕೋ ನಂಗೆ ಒಂದು ಕುಂಡ ಕೊಟ್ಟಿದ್ರೆ ತಿಂಗಳಿಗೆ 200 ಡಾಲರ್ ಉಳೀತಿತ್ತು.

ಊರಿಗೆ ಹೋಗುವಾಗ ಒಂದು ಚೂರೂ ಒಯ್ಯಲ್ಲ, ಪಿಟ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವಾಗಲೂ ಇಲ್ಲ, ರಾಜ್ಯದ ಗಡಿ ದಾಟಿಸಿದ್ರೆ ಅದು ಕೇಂದ್ರದ ಅಪರಾಧ. ಇಂಡಿಯಾದಲ್ಲಂತೂ ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ. ಅಮ್ಮನಿಗೆ ಇದು ತಲೆಗೇ ಹೋಗಲ್ಲ, "ಅಲ್ಲಿ ಸರ್ಕಾರನೇ ಕೊಡುತ್ತೆ, ಇಲ್ಲಿ ತಿಂಥಿಣಿ ಮೌನೇಶ್ವರನ ಜಾತ್ರೇಲಿ ಪ್ರಸಾದ ಅಂತ ಕೊಡ್ತಾರಂತೆ, ಮಧ್ಯದಲ್ಲಿ ವಿಮಾನದೋರಿಗೇನಂತೆ" ಅಂತಾಳೆ. ಊರಲ್ಲಿ ಆ ಮೂರು ವಾರ ರಾತ್ರಿ ಮತ್ತೆ ಹಳೇ ಕಥೆ.

ಕೊನೆಗೂ ನಮ್ಮನೆಯವ್ರು ಪೌರತ್ವಕ್ಕೆ ಹಾಕಿದ್ರು. ತೋಟದ ಆಸೆ ಬಿಟ್ರೋ, ನಾನು ಮಂಜಿನ ಮೇಲೆ ಕೋಲು ಜಾರಿ ಆ ಪಾರ್ಕಿಂಗಲ್ಲೇ ಬಿದ್ದಿದ್ದು ನೋಡಿ ಮನಸ್ಸು ಬದ್ಲಾಯ್ತೋ, ಕೇಳಿಲ್ಲ. ಕಾರಿಂದ ಓಡಿ ಬಂದು ಎತ್ತಿದ್ರು, ಪೊಟ್ಟಣ ಅಷ್ಟು ದೂರ ಬಿದ್ದಿತ್ತು, ಅದನ್ನ ಅಲ್ಲೇ ಬಿಟ್ಟು ನನ್ನ ಮಾತ್ರ ಎತ್ಕೊಂಡು ಹೋಗಿ ಕೂರ್ಸಿ, ಆಮೇಲೆ ಒಂದು ನಿಮಿಷ ನಿಂತು ನೋಡಿ, ಹೋಗಿ ಎತ್ಕೊಂಡು ಬಂದ್ರು. ಅದೇ ಮೊದಲು ಮುಟ್ಟಿದ್ದು. 2024ರಲ್ಲಿ ಓತ್ ಆಯ್ತು. ಆ ಮೇನಲ್ಲೇ ಕೇಂದ್ರದೋರು ಗಾಂಜಾನ ಆ ಮೊದಲನೇ ಪಟ್ಟಿಯಿಂದ ಅಷ್ಟು ಬಿಗಿ ಇಲ್ಲದ ಮೂರನೇ ಪಟ್ಟಿಗೆ ಇಳಿಸೋ ಪ್ರಸ್ತಾಪ ಹೊರಡಿಸಿದ್ರು, ಇವ್ರು ಪೇಪರ್ ಮಡಚಿ "ನಾನು ಒಳಗೆ ಬಂದ್ಮೇಲೆ ಬಾಗಿಲು ತೆಗೀತಾರೆ" ಅಂದ್ರು.

ಕೇರ್‌ಗಿವರ್ ಅಂತ ಅರ್ಜಿ ಹಾಕಿ ಕಾರ್ಡ್ ಬಂದ ಶನಿವಾರ ನಾನು ಮನೇಲೇ ಇದ್ದೆ, ಕಾಲು ಸರಿ ಇರ್ಲಿಲ್ಲ. ಚೀಟಿ ಬರ್ಕೊಂಡು ಒಬ್ರೇ ಹೋದ್ರು, ತರಕಾರಿಗೆ ಹೋಗೋ ಹಾಗೆ ಬಟ್ಟೆ ಚೀಲ ಹಿಡ್ಕೊಂಡು. ಅರ್ಧ ಗಂಟೆ ಆದ್ಮೇಲೆ ಫೋನು. "ಲೇ, ಇಲ್ಲಿ ನಲವತ್ತು ಥರ ಇದೆ ಕಣೇ, ಈ ಹುಡುಗ ಮೂಸಿ ನೋಡಿ ಅಂತಾನೆ, ಏನು ಮೂಸೋದು?" ಅಂತ ಪಿಸುಮಾತಲ್ಲಿ. ಹಿಂದೆ ಆ ಹುಡುಗ ನಗ್ತಿದ್ದಿದ್ದು ಕೇಳಿಸ್ತಿತ್ತು.